ಕಾರ್ಖಾನೆ ಕೆಲಸಗಾರ ಅಂಟಿಸಿಟ್ಟ ಮೂರು ಲಕ್ಷ ಚಿತ್ರಗಳು

2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಂದು ರಟ್ಟಿನ ಚೂರು 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ನಮ್ಮ ನೂರು ಕೋಟಿ ರೂಪಾಯಿ. ಅಂಗೈಯೊಳಗೆ ಹಿಡಿಸುವ ಆ ರಟ್ಟಿನ ಮೇಲೆ ಮಿಕ್ಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ ಬಣ್ಣದ ಚಿತ್ರವಿದೆ. 1952ರಲ್ಲಿ ಅದು ಚೂಯಿಂಗ್ ಗಮ್ ಪೊಟ್ಟಣದೊಳಗೆ ಮಕ್ಕಳ ಕೈಗೆ ಬಂದಿದ್ದ ಕಾರ್ಡು. ಒಂದು ಪೊಟ್ಟಣಕ್ಕೆ ಐದು ಸೆಂಟ್, ಅಂದರೆ ಚಿಲ್ಲರೆ ಕಾಸು.

ಇಂಥ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಬೆಲೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ ಕೈ ತೊಳೆದುಕೊಳ್ಳುತ್ತವೆ. ಆದರೆ ಈ ಕಾರ್ಡುಗಳಿಗೆ ಒಂದು ಲೆಕ್ಕ, ಒಂದು ಹೆಸರು, ಒಂದು ಕ್ರಮ ಕೊಟ್ಟವರು ಕೋಟ್ಯಧಿಪತಿಗಳಲ್ಲ. ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುತ್ತಿದ್ದ, ಸಂಧಿವಾತದಿಂದ ಬೆರಳು ಮಡಚಲಾಗದ ಒಬ್ಬ ಒಂಟಿ ಮನುಷ್ಯ. ಅವರ ಹೆಸರು ಜೆಫರ್ಸನ್ ಬರ್ಡಿಕ್. ಅವರ ಕಥೆ ಹೇಳಬೇಕೆಂದರೆ ಮೊದಲು ಸಿಗರೇಟಿನ ಕಥೆ ಹೇಳಬೇಕು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ಒನಕೆಯ ಹಾಗೆ ದುಂಡಗಿರುವ ಬ್ಯಾಟು. ಚೆಂಡು ನೆಲಕ್ಕೆ ಪುಟಿಯದೆ ನೇರ ಬರುತ್ತದೆ. ಹೊಡೆದವನು ಮೈದಾನದ ನಾಲ್ಕು ಠಿಕಾಣೆಗಳನ್ನು ಸುತ್ತಿ ವಾಪಸ್ ಬಂದರೆ ಒಂದು ರನ್. ನಮಗೆ ಕ್ರಿಕೆಟ್ ಹೇಗೋ ಅಲ್ಲಿನವರಿಗೆ ಅದು ಹಾಗೆ. ಇಷ್ಟು ಸಾಕು, ಮುಂದಿನ ಕಥೆಗೆ ಆಟದ ನಿಯಮ ಬೇಕಾಗುವುದಿಲ್ಲ.

1880ರ ದಶಕದಲ್ಲಿ ಅಮೆರಿಕದಲ್ಲಿ ಸಿಗರೇಟು ತೆಳು ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಜೇಬಿನಲ್ಲಿಟ್ಟರೆ ಒಳಗಿನ ಸಿಗರೇಟು ಮುರಿಯುತ್ತಿತ್ತು. ಪೊಟ್ಟಣ ಗಟ್ಟಿಯಾಗಿರಲಿ ಎಂದು ಕಂಪನಿಗಳು ಒಳಗೊಂದು ರಟ್ಟಿನ ತುಂಡು ಇಡತೊಡಗಿದವು. ಬರೀ ರಟ್ಟು ಯಾಕೆ, ಒಂದು ಚಿತ್ರ ಅಚ್ಚು ಹಾಕೋಣ ಎಂದು ಯೋಚಿಸಿದ್ದೇ ವ್ಯಾಪಾರದ ಜಾಣತನ. ರಿಚ್ಮಂಡ್ ಊರಿನ ಆಲೆನ್ ಅಂಡ್ ಗಿಂಟರ್ ಕಂಪನಿ 1887ರಲ್ಲಿ 50 ಜಗದ್ವಿಖ್ಯಾತ ಆಟಗಾರರ ಸರಣಿ ತಂದಿತು. ಅದರಲ್ಲಿ ಬೇಸ್‌ಬಾಲ್‌ನವರು ಹತ್ತೇ ಮಂದಿ. ಉಳಿದವರು ಕುಸ್ತಿಪಟುಗಳು, ಬಾಕ್ಸರ್‌ಗಳು, ದೋಣಿ ಹುಟ್ಟು ಹಾಕುವವರು, ಬಿಲಿಯರ್ಡ್ಸ್ ಆಡುವವರು, ಗುರಿಕಾರರು. ಬಂದೂಕು ಹಿಡಿಯುವುದರಲ್ಲಿ ಹೆಸರು ಮಾಡಿದ ಆನಿ ಓಕ್ಲಿ ಎಂಬ ಹೆಣ್ಣುಮಗಳೂ ಆ ಐವತ್ತರಲ್ಲಿ ಇದ್ದಳು.

ಆ ಕಾರ್ಡಿನ ಹಿಂಬದಿಯಲ್ಲಿ ಐವತ್ತೂ ಹೆಸರುಗಳ ಪಟ್ಟಿ ಇರುತ್ತಿತ್ತು. ಇಡೀ ವ್ಯಾಪಾರದ ಕೀಲಿಕೈ ಅದೇ ಎಂದು ನನಗನಿಸುತ್ತದೆ. ಕೈಯಲ್ಲಿ ಒಂದು ಕಾರ್ಡಿದೆ, ಉಳಿದ ನಲವತ್ತೊಂಬತ್ತು ಯಾವುವು ಎಂದು ಅದೇ ಹೇಳುತ್ತದೆ. ಇಲ್ಲದ್ದರ ಪಟ್ಟಿಯನ್ನು ಕೈಗೆ ಕೊಟ್ಟರೆ ಮನುಷ್ಯ ಸುಮ್ಮನೆ ಕೂರುವುದಿಲ್ಲ. ಸೇದುವವನು ಅಪ್ಪ, ಕಾರ್ಡು ಕೂಡಿಡುವವನು ಮಗ.

1890ರಲ್ಲಿ ಜೇಮ್ಸ್ ಡ್ಯೂಕ್ ಎಂಬ ಉದ್ಯಮಿ ಐದು ದೊಡ್ಡ ಸಿಗರೇಟು ಕಂಪನಿಗಳನ್ನು ಸೇರಿಸಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿದರು. ಎದುರಾಳಿಯೇ ಇಲ್ಲದ ಮೇಲೆ ಗಿರಾಕಿಗೆ ಬಿಟ್ಟಿ ಚಿತ್ರ ಯಾಕೆ ಕೊಡಬೇಕು? ಕೆಲವೇ ವರ್ಷಗಳಲ್ಲಿ ಕಾರ್ಡುಗಳು ಹೆಚ್ಚುಕಮ್ಮಿ ಮಾಯವಾದವು. ಮತ್ತೆ ದೊಡ್ಡದಾಗಿ ಬಂದದ್ದು 1909ರಲ್ಲಿ. 1909ರಿಂದ 1911ರವರೆಗೆ ಅದೇ ಕಂಪನಿ ತನ್ನ ಪೀಡ್ಮಾಂಟ್, ಸ್ವೀಟ್ ಕ್ಯಾಪೊರಲ್ ಮುಂತಾದ ಹದಿನಾರು ಬ್ರಾಂಡುಗಳ ಪೊಟ್ಟಣದಲ್ಲಿ ಬೇಸ್‌ಬಾಲ್ ಕಾರ್ಡು ಹಂಚಿತು. ಸುಮಾರು ಒಂದೂವರೆ ಅಂಗುಲ ಅಗಲ, ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು ಉದ್ದ. ಐನೂರಕ್ಕೂ ಹೆಚ್ಚು ಬೇರೆ ಬೇರೆ ಚಿತ್ರಗಳು. ಅಂಗಡಿ ಬಾಗಿಲಲ್ಲಿ ಹುಡುಗರು ನಿಂತು, ಸಿಗರೇಟು ಕೊಂಡು ಬರುವವರ ಹತ್ತಿರ ಕಾರ್ಡು ಬೇಡುತ್ತಿದ್ದರು. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಂಪನಿಯ ಏಕಸ್ವಾಮ್ಯ ಕಾನೂನುಬಾಹಿರ ಎಂದು ಹೇಳಿ ಅದನ್ನು ಒಡೆಯಿತು.

ಆ ಐನೂರು ಚಿಲ್ಲರೆ ಕಾರ್ಡುಗಳಲ್ಲಿ ಒಂದು ಮಾತ್ರ ಎಲ್ಲರ ಕೈಗೂ ಸಿಗಲಿಲ್ಲ. ಅದು ಹೋನಸ್ ವ್ಯಾಗ್ನರ್ ಕಾರ್ಡು.

ವ್ಯಾಗ್ನರ್ ಜರ್ಮನಿಯಿಂದ ವಲಸೆ ಬಂದ ಕುಟುಂಬದವರು. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕಿದ್ದವರು, ವ್ಯಾಗ್ನರ್ ಕೂಡ ಹುಡುಗನಾಗಿದ್ದಾಗಲೇ ಗಣಿಗೆ ಇಳಿದವರು. ಪಿಟ್ಸ್‌ಬರ್ಗ್ ತಂಡಕ್ಕೆ ಆಡಿ ಎಂಟು ಸಲ ತಮ್ಮ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಗಳಿಸಿದರು. 1936ರಲ್ಲಿ ಬೇಸ್‌ಬಾಲ್‌ನ ಗೌರವ ಸಭಾಂಗಣಕ್ಕೆ ಮೊದಲ ಸಲ ಆರಿಸಿದ ಐವರಲ್ಲಿ ಅವರೂ ಒಬ್ಬರು. ಇಂಥವರ ಕಾರ್ಡನ್ನು ಕಂಪನಿ ಅಚ್ಚು ಹಾಕಲು ಶುರು ಮಾಡಿ, ಬೇಗನೆ ನಿಲ್ಲಿಸಿಬಿಟ್ಟಿತು. ವ್ಯಾಗ್ನರ್ ಒಪ್ಪಿಗೆ ಕೊಡಲಿಲ್ಲ ಎಂಬುದು ಕಾರಣ. ಯಾಕೆ ಕೊಡಲಿಲ್ಲ? ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟು ಕೊಳ್ಳಬಾರದು ಎಂದು ಕೆಲವರು ಹೇಳುತ್ತಾರೆ. ಕಂಪನಿ ದುಡ್ಡು ಕೊಡಲಿಲ್ಲ, ಅದಕ್ಕೆ ಎಂದು ಇನ್ನು ಕೆಲವರು. ವ್ಯಾಗ್ನರ್ ಸ್ವತಃ ಹೊಗೆಸೊಪ್ಪು ಜಗಿಯುತ್ತಿದ್ದರು, ಮೊದಲೊಮ್ಮೆ ಚುಟ್ಟಾ ಪೊಟ್ಟಣದ ಮೇಲೆ ಅವರ ಚಿತ್ರ ಬಂದಿತ್ತು. ಹಾಗಂತ ಮೊದಲ ಕಾರಣ ಸುಳ್ಳೆಂದು ನಾನು ಹೇಳಲಾರೆ. ತಾನು ಜಗಿದರೂ ಮಕ್ಕಳು ಮುಟ್ಟಬಾರದು ಎನ್ನುವ ಅಪ್ಪಂದಿರು ನಮ್ಮ ಊರುಗಳಲ್ಲೂ ಎಷ್ಟು ಜನ ಇಲ್ಲ? ಅಂತೂ ಇವತ್ತು ಜಗತ್ತಿನಲ್ಲಿ ಉಳಿದಿರುವುದು ಐವತ್ತು ಅರವತ್ತು ವ್ಯಾಗ್ನರ್ ಕಾರ್ಡುಗಳು.

ಈಗ ಬರ್ಡಿಕ್ ಕಡೆಗೆ ಬರೋಣ.

1900ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಸ್ಕ್ವೇರ್ ಎಂಬ ಹಳ್ಳಿಯ ಕಡೆ ಹುಟ್ಟಿದವರು. ವ್ಯಾಗ್ನರ್ ಕಾರ್ಡು ಅಚ್ಚಾದ ಕಾಲಕ್ಕೆ ಒಂಬತ್ತು ಹತ್ತು ವರ್ಷದ ಹುಡುಗ. ಎಲ್ಲ ಹುಡುಗರ ಹಾಗೆ ಕಾರ್ಡು ಕೂಡಿಸಿದರು. ದೊಡ್ಡವರಾದ ಮೇಲೆ ಸಿರಾಕ್ಯೂಸ್ ಪಟ್ಟಣದಲ್ಲಿ ವಿದ್ಯುತ್ ಉಪಕರಣ ತಯಾರಿಸುವ ಕಾರ್ಖಾನೆ ಸೇರಿದರು. ಮದುವೆ ಆಗಲಿಲ್ಲ. ಮೂವತ್ತರ ಹರೆಯದಲ್ಲೇ ಸಂಧಿವಾತ ಹಿಡಿಯಿತು, ಕೊನೆಯವರೆಗೂ ಬಿಡಲಿಲ್ಲ.

1930ರ ದಶಕದಲ್ಲಿ ಅವರು ಹಳೇ ಕಾರ್ಡುಗಳನ್ನು ಮತ್ತೆ ಹುಡುಕತೊಡಗಿದಾಗ ಒಂದು ದೊಡ್ಡ ತೊಡಕು ಎದುರಾಯಿತು. ಕಾರ್ಡಿನ ಮೇಲೆ ಆಟಗಾರನ ಹೆಸರಿರುತ್ತದೆ, ಸಿಗರೇಟಿನ ಜಾಹೀರಾತಿರುತ್ತದೆ. ಆದರೆ ಯಾವ ವರ್ಷದ್ದು, ಯಾವ ಸರಣಿಯದ್ದು, ಆ ಸರಣಿಯಲ್ಲಿ ಒಟ್ಟು ಎಷ್ಟು ಎಂಬುದು ಹೆಚ್ಚಿನವುಗಳಲ್ಲಿ ಇರುವುದಿಲ್ಲ. ನೂರಾರು ಕಂಪನಿಗಳು ಐವತ್ತು ವರ್ಷ ಮನಬಂದಂತೆ ಅಚ್ಚು ಹಾಕಿದ ಚಿತ್ರಗಳು. ಕಂಪನಿಗಳಲ್ಲೇ ದಾಖಲೆ ಇಲ್ಲ. ಊರೂರಲ್ಲಿ ಚದುರಿದ್ದ ಕೆಲವೇ ಸಂಗ್ರಾಹಕರಿಗೆ ಒಬ್ಬರ ಬಳಿ ಇರುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ‘ನಿಮ್ಮ ಹತ್ತಿರ ಆ ಹಸಿರು ಹಿನ್ನೆಲೆಯ ಚಿತ್ರ ಇದೆಯೇ’ ಎಂದು ಕಾಗದ ಬರೆದರೆ, ಯಾವ ಹಸಿರು ಎಂಬಲ್ಲಿಗೇ ಮಾತು ನಿಲ್ಲುತ್ತಿತ್ತು.

ಬರ್ಡಿಕ್ ಕಾಗದ ಬರೆಯುತ್ತ ಹೋದರು. ತಮ್ಮಲ್ಲಿ ಎರಡೆರಡು ಇದ್ದದ್ದನ್ನು ಬೇರೆಯವರಿಗೆ ಕಳಿಸಿ, ಅವರಲ್ಲಿ ಎರಡು ಇದ್ದದ್ದನ್ನು ತರಿಸಿಕೊಂಡರು. 1937ರಲ್ಲಿ ಕಾರ್ಡ್ ಕಲೆಕ್ಟರ್ಸ್ ಬುಲೆಟಿನ್ ಎಂಬ ಪುಟ್ಟ ಪತ್ರಿಕೆ ಶುರು ಮಾಡಿದರು. ಯಾರಿಗೆ ಯಾವ ಹೊಸ ಸರಣಿ ಸಿಕ್ಕಿತು, ಯಾವುದರಲ್ಲಿ ಎಷ್ಟು ಚಿತ್ರ ಇವೆ ಎಂಬುದೇ ಅದರ ಸುದ್ದಿ. ಹೀಗೆ ಕೂಡಿಬಂದ ಮಾಹಿತಿಯನ್ನೆಲ್ಲ ಸೇರಿಸಿ 1939ರಲ್ಲಿ ಒಂದು ಕ್ಯಾಟಲಾಗ್ ಅಚ್ಚು ಹಾಕಿಸಿದರು. ಮುಂದೆ ಅದಕ್ಕೆ ಅಮೆರಿಕನ್ ಕಾರ್ಡ್ ಕ್ಯಾಟಲಾಗ್ ಎಂಬ ಹೆಸರು ನಿಂತಿತು.

ಅದರ ಕ್ರಮ ಬಹಳ ಸರಳ. ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡುಗಳಿಗೆ ‘ಎನ್’ ಅಕ್ಷರ. ಇಪ್ಪತ್ತನೇ ಶತಮಾನದ ತಂಬಾಕಿನವಕ್ಕೆ ‘ಟಿ’. ಹಳೇ ಕಾಲದ ಮಿಠಾಯಿ ಜೊತೆ ಬಂದವಕ್ಕೆ ‘ಇ’, ಈಚಿನ ಮಿಠಾಯಿ, ಗಮ್ ಕಾರ್ಡುಗಳಿಗೆ ‘ಆರ್’, ಬ್ರೆಡ್ ಜೊತೆ ಬಂದವಕ್ಕೆ ‘ಡಿ’. ಅಕ್ಷರದ ಮುಂದೆ ಸರಣಿಯ ಸಂಖ್ಯೆ. ಹೋನಸ್ ವ್ಯಾಗ್ನರ್ ಇರುವ ಸರಣಿ ಟಿ-206. ಇವತ್ತು ಕೋಟಿಗಟ್ಟಲೆ ಸುರಿಯುವವರೂ, ಹರಾಜು ಕೂಗುವವರೂ ಅದನ್ನು ಕರೆಯುವುದು ಟಿ-206 ಎಂದೇ. ಆ ಹೆಸರು ಬಂದದ್ದು ಕಾರ್ಖಾನೆ ಕೆಲಸ ಮುಗಿಸಿ ಬಂದು ಬರೆಯಲು ಕೂರುತ್ತಿದ್ದ ಬರ್ಡಿಕ್ ಕ್ಯಾಟಲಾಗ್‌ನಿಂದ.

ಕ್ಯಾಟಲಾಗ್‌ನಲ್ಲಿ ಅವರು ಬೆಲೆಯನ್ನೂ ಹಾಕುತ್ತಿದ್ದರು. ಸಾಮಾನ್ಯ ಕಾರ್ಡುಗಳಿಗೆ ಕೆಲವು ಸೆಂಟ್. ವ್ಯಾಗ್ನರ್ ಕಾರ್ಡಿಗೆ 50 ಡಾಲರ್ ಎಂದು ಬರೆದರು. ಆ ಕಾಲಕ್ಕೆ ಅದೇ ದೊಡ್ಡ ಮೊತ್ತ.

ಆ ಹೊತ್ತಿಗೆ ಕಾರ್ಡುಗಳು ಸಿಗರೇಟು ಬಿಟ್ಟು ಚೂಯಿಂಗ್ ಗಮ್‌ಗೆ ಬಂದಿದ್ದವು. 1933ರಲ್ಲಿ ಗೌಡಿ ಎಂಬ ಗಮ್ ಕಂಪನಿ 240 ಕಾರ್ಡುಗಳ ಸರಣಿ ಬಿಟ್ಟಿತು. ಮಕ್ಕಳು ಎಷ್ಟು ಗಮ್ ಜಗಿದರೂ 106ನೇ ಕಾರ್ಡು ಸಿಗಲೇ ಇಲ್ಲ. ಸಿಗುವುದಾದರೂ ಹೇಗೆ, ಕಂಪನಿ ಆ ವರ್ಷ ಆ ಸಂಖ್ಯೆಯ ಕಾರ್ಡನ್ನೇ ಅಚ್ಚು ಹಾಕಿರಲಿಲ್ಲ! ಕಂಪನಿಗೆ ಕಾಗದ ಬರೆದು ತಗಾದೆ ಮಾಡಿದವರಿಗೆ ಮಾತ್ರ 1934ರಲ್ಲಿ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿತು. ನಿವೃತ್ತ ಆಟಗಾರ ನ್ಯಾಪ್ ಲಾಜೊಯಿ ಚಿತ್ರದ ಆ ಕಾರ್ಡು ಇವತ್ತು ತೀರಾ ವಿರಳ. ಎರಡು ತಲೆಮಾರು ಹಿಂದೆ ಸಿಗರೇಟಿನವರು ಮಾಡಿದ್ದು ಪಟ್ಟಿ ತೋರಿಸಿ ಆಸೆ ಹಚ್ಚುವುದು. ಇವರು ಪಟ್ಟಿಯಲ್ಲೇ ತೂತು ಬಿಟ್ಟು ಮಕ್ಕಳನ್ನು ಆಡಿಸಿದರು. ನಮ್ಮಲ್ಲೂ ಚೂಯಿಂಗ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಕೊಡುತ್ತಿದ್ದ ಕಾಲವಿತ್ತು. ಒಂದು ಚಿತ್ರ ಮಾತ್ರ ಯಾರಿಗೂ ಸಿಗದೆ ಬೀದಿಯ ಹುಡುಗರೆಲ್ಲ ಒದ್ದಾಡಿದ್ದು ನೆನಪಿರುವವರಿಗೆ ಈ ಆಟ ಅರ್ಥವಾಗುತ್ತದೆ.

ಕೂಡಿಟ್ಟದ್ದೆಲ್ಲ ಉಳಿಯಲಿಲ್ಲ. ಹುಡುಗರು ಕಾರ್ಡನ್ನು ಗೋಡೆಗೆ ಎಸೆದು ಪಣದ ಆಟ ಆಡಿದರು. ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಮೋಟರ್ ಸದ್ದು ಬರಿಸಿದರು. ನಾವು ಬೆಂಕಿಪೊಟ್ಟಣದ ಚಿತ್ರ, ಸಿಗರೇಟು ಪ್ಯಾಕು ಇಟ್ಟುಕೊಂಡು ಆಡಿದ ಹಾಗೆಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮನೆಮನೆಯಿಂದ ಹಳೇ ಕಾಗದ ಸಂಗ್ರಹಿಸಲಾಯಿತು, ಕಾರ್ಡುಗಳೂ ಅದರಲ್ಲಿ ಹೋದವು. ಉಳಿದದ್ದನ್ನು ಮನೆ ಸ್ವಚ್ಛ ಮಾಡುವ ತಾಯಂದಿರು ಎಸೆದರು.

ತನ್ನ ನಂತರ ಇದೆಲ್ಲ ಏನಾಗುತ್ತದೆ ಎಂಬ ಚಿಂತೆ ಬರ್ಡಿಕ್ ಅವರಿಗೆ ಹತ್ತಿದ್ದು ಸಹಜ. ಮಕ್ಕಳಿಲ್ಲ, ಆರೋಗ್ಯವಿಲ್ಲ. 1940ರ ದಶಕದ ಕೊನೆಯಲ್ಲಿ ಅವರು ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದ ಬಾಗಿಲು ತಟ್ಟಿದರು. ಅದು ರೆಂಬ್ರಾಂಟ್, ಡ್ಯೂರರ್ ಅಂಥ ಮಹಾ ಕಲಾವಿದರ ಅಚ್ಚುಚಿತ್ರಗಳಿರುವ ಜಾಗ. ಅಲ್ಲಿ ಸಿಗರೇಟು ಪೊಟ್ಟಣದ ಚಿತ್ರಕ್ಕೇನು ಬೆಲೆ ಎಂದು ಯಾರಾದರೂ ಕೇಳುತ್ತಿದ್ದರು. ಆದರೆ ಅಚ್ಚುಚಿತ್ರ ವಿಭಾಗ ನೋಡಿಕೊಳ್ಳುತ್ತಿದ್ದ ಹಯಟ್ ಮೇಯರ್ ಬೇರೆ ಥರದ ಮನುಷ್ಯ. ಸಾಮಾನ್ಯ ಜನ ದಿನವೂ ಕಣ್ಣಲ್ಲಿ ಕಂಡ, ಕೈಯಲ್ಲಿ ಹಿಡಿದ ಚಿತ್ರಗಳೂ ಕಲೆಯ ಚರಿತ್ರೆಯ ಭಾಗ ಎಂದು ನಂಬಿದವರು. ತೆಗೆದುಕೊಳ್ಳುತ್ತೇವೆ, ಆದರೆ ನೀವೇ ವಿಂಗಡಿಸಿ ಆಲ್ಬಮ್‌ಗಳಿಗೆ ಅಂಟಿಸಿಕೊಡಬೇಕು ಎಂದರು.

ಹದಿನೈದು ವರ್ಷದ ಕೆಲಸ ಅದು. ಮೊದಲಿಗೆ ಬರ್ಡಿಕ್ ಸಿರಾಕ್ಯೂಸ್‌ನಿಂದಲೇ ಕಂತು ಕಂತಾಗಿ ಕಳಿಸಿದರು. ರೋಗ ಹೆಚ್ಚಾಗಿ ಕಾರ್ಖಾನೆ ಕೆಲಸ ಬಿಡಬೇಕಾಯಿತು. 1959ರಲ್ಲಿ ನ್ಯೂಯಾರ್ಕ್ ನಗರಕ್ಕೇ ಬಂದು ಸಂಗ್ರಹಾಲಯದ ಹತ್ತಿರ ಸಣ್ಣ ಮನೆ ಹಿಡಿದರು. ಸಂಗ್ರಹಾಲಯದ ಒಂದು ಮೇಜಿನ ಮುಂದೆ ಕೂತು, ಸೊಟ್ಟಗಾದ ಬೆರಳುಗಳಲ್ಲಿ ಒಂದೊಂದೇ ಕಾರ್ಡು ಎತ್ತಿ ಅಂಟು ಹಚ್ಚಿ ಪುಟಕ್ಕೆ ಕೂರಿಸುವುದು. ಬೇಸ್‌ಬಾಲ್ ಒಂದೇ ಅಲ್ಲ. ಹಕ್ಕಿಗಳು, ಬಾವುಟಗಳು, ನಟಿಯರು, ಅಂಗಡಿ ಜಾಹೀರಾತು, ಶುಭಾಶಯ ಪತ್ರ, ಪೋಸ್ಟ್ ಕಾರ್ಡು ಎಲ್ಲ ಇದ್ದವು. ಒಟ್ಟು 3 ಲಕ್ಷದ 6 ಸಾವಿರಕ್ಕೂ ಹೆಚ್ಚು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳು 30 ಸಾವಿರಕ್ಕೂ ಹೆಚ್ಚು. ಒಂದು ವ್ಯಾಗ್ನರ್ ಕೂಡ ಇತ್ತು. ಮಿಕ್ಕವನ್ನು ಹೇಗೆ ಅಂಟಿಸಿದರೋ ಅದನ್ನೂ ಹಾಗೇ ಅಂಟಿಸಿದರು.

1963ರ ಜನವರಿ 10ರ ಸಂಜೆ ಕೊನೆಯ ಕಾರ್ಡು ಅಂಟಿಸಿ, ಕೆಲಸ ಮುಗಿಯಿತು, ಇನ್ನು ಬರುವುದಿಲ್ಲ ಎಂದು ಹೇಳಿ ಎದ್ದುಹೋದರು. ಮರುದಿನ ತಾವೇ ನಡೆದು ಹೋಗಿ ಆಸ್ಪತ್ರೆ ಸೇರಿದರು. ಎರಡು ತಿಂಗಳಿಗೆ, ಮಾರ್ಚ್‌ನಲ್ಲಿ ತೀರಿಕೊಂಡರು.

ಇಂದಿನ ವ್ಯಾಪಾರಿಗಳು ಕೇಳಿದರೆ ಎದೆ ಹಿಡಿದುಕೊಳ್ಳುವ ಸಂಗತಿ ಈ ಅಂಟು. ಹಿಂಬದಿಗೆ ಅಂಟು ಬಿದ್ದ ಕಾರ್ಡಿನ ಬೆಲೆ ಮಾರುಕಟ್ಟೆಯಲ್ಲಿ ದಬ್ಬನೆ ಬೀಳುತ್ತದೆ. ಕೆಲವು ಸಂಗ್ರಾಹಕರು ಬರ್ಡಿಕ್ ಹಾಳು ಮಾಡಿದರು ಎಂದೂ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮಾರುವ ಯೋಚನೆಯೇ ಇಲ್ಲದವರಿಗೆ ಹಿಂಬದಿಯ ಬೆಲೆ ಕಟ್ಟಿಕೊಂಡು ಏನಾಗಬೇಕು? ಅಂಟಿಸಿದ್ದರಿಂದ ಕ್ರಮ ಉಳಿಯಿತು, ಯಾವುದರ ಪಕ್ಕ ಯಾವುದು ಎಂಬುದು ಉಳಿಯಿತು. ಬಿಡಿ ಕಾರ್ಡುಗಳಾಗಿ ಪೆಟ್ಟಿಗೆಯಲ್ಲಿ ಇದ್ದಿದ್ದರೆ ಮೂರು ಲಕ್ಷದಲ್ಲಿ ಎಷ್ಟು ಚೆಲ್ಲಾಪಿಲ್ಲಿಯಾಗುತ್ತಿದ್ದವೋ.

ಬೆಲೆಯ ಹುಚ್ಚು ಬಂದದ್ದು ಅವರು ಹೋದ ಮೇಲೆ. ನೂರು ಕೋಟಿಯ ಮ್ಯಾಂಟಲ್ ಕಾರ್ಡನ್ನೇ ನೋಡಿ. 1951ರಲ್ಲಿ ಟಾಪ್ಸ್ ಕಂಪನಿಯ ಸೈ ಬರ್ಗರ್ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಕೂತು ಆ ಸರಣಿಯ ವಿನ್ಯಾಸ ಮಾಡಿದರು. 407 ಕಾರ್ಡುಗಳ ಸರಣಿಯಲ್ಲಿ ಮ್ಯಾಂಟಲ್ ಸಂಖ್ಯೆ 311, ಕೊನೆಯ ಕಂತಿನ ಮೊದಲ ಕಾರ್ಡು. ಅದು ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು. ಮಾಲು ಉಳಿಯಿತು. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಪೆಟ್ಟಿಗೆಗಳನ್ನು ಅರ್ಧ ಬೆಲೆಗೂ ಯಾರೂ ಕೇಳದಾದಾಗ, 1960ರ ಸುಮಾರಿಗೆ ಬರ್ಗರ್ ಅವನ್ನು ಕಸದ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಹಾಗೆಂದು ಅವರೇ ಹೇಳಿಕೊಂಡಿದ್ದಾರೆ. ಬೆಲೆ ಬಿದ್ದಾಗ ಟೊಮೆಟೊ ರಸ್ತೆಗೆ ಸುರಿಯುವ ನಮಗೆ ಈ ದೃಶ್ಯ ಹೊಸದಲ್ಲ. ಟೊಮೆಟೊ ಮಾತ್ರ ಐವತ್ತು ವರ್ಷದ ನಂತರ ಬೆಲೆ ಬಾಳುವುದಿಲ್ಲ.

1979ರಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಜಿಮ್ ಬೆಕೆಟ್ ಬೆಲೆಪಟ್ಟಿಯ ಪುಸ್ತಕ ತಂದರು. ಅಲ್ಲಿಂದ ಮುಂದೆ ಜನ ಕಾರ್ಡು ನೋಡುವ ಮೊದಲು ಬೆಲೆ ನೋಡಿದರು. 1980ರ ದಶಕದ ಕೊನೆಯಲ್ಲಿ ಎಲ್ಲರೂ ಹೊಸ ಕಾರ್ಡು ಕೊಂಡು ಪೆಟ್ಟಿಗೆ ತುಂಬಿಸಿಟ್ಟರು, ಮಕ್ಕಳ ಓದಿಗಾಗುತ್ತದೆ ಎಂದು. ಕಂಪನಿಗಳು ಬೇಡಿಕೆಗೆ ತಕ್ಕಂತೆ ಲೆಕ್ಕವಿಲ್ಲದೆ ಅಚ್ಚು ಹಾಕಿದವು. ಎಲ್ಲರ ಹತ್ತಿರವೂ ಇರುವ ವಸ್ತುವನ್ನು ಯಾರು ಕೊಳ್ಳುತ್ತಾರೆ? ಆ ಪೆಟ್ಟಿಗೆಗಳು ಇವತ್ತಿಗೂ ಅಟ್ಟದ ಮೇಲೇ ಇವೆ.

ಇನ್ನೊಂದು ಕಡೆ ಹಳೇ ಕಾರ್ಡುಗಳಿಗೆ ಮೋಸ ಅಂಟಿಕೊಂಡಿತು. 1985ರಲ್ಲಿ ಬಿಲ್ ಮಾಸ್ಟ್ರೋ ಎಂಬ ವ್ಯಾಪಾರಿ ಒಂದು ವ್ಯಾಗ್ನರ್ ಕಾರ್ಡನ್ನು 25 ಸಾವಿರ ಡಾಲರ್‌ಗೆ ಕೊಂಡ. 1991ರಲ್ಲಿ ಅದನ್ನು ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ತನ್ನ ತಂಡದ ಮಾಲೀಕನ ಜೊತೆ ಸೇರಿ 4 ಲಕ್ಷ 51 ಸಾವಿರ ಡಾಲರ್‌ಗೆ ಹರಾಜಿನಲ್ಲಿ ಹಿಡಿದರು. 2007ರಲ್ಲಿ ಅದೇ ಕಾರ್ಡು 28 ಲಕ್ಷ ಡಾಲರ್‌ಗೆ ಹೋಯಿತು. ಇಷ್ಟು ಹಳೇ ಕಾರ್ಡಿನ ಅಂಚು ಇಷ್ಟು ಚೂಪಾಗಿರಲು ಹೇಗೆ ಸಾಧ್ಯ ಎಂದು ಮೊದಲಿನಿಂದಲೂ ಗುಸುಗುಸು ಇತ್ತು. 2013ರಲ್ಲಿ ಮಾಸ್ಟ್ರೋ, ಹರಾಜು ವಂಚನೆಯ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ, ತಾನೇ ಅಂಚು ಕತ್ತರಿಸಿದ್ದೆ ಎಂದು ನ್ಯಾಯಾಲಯದಲ್ಲಿ ಹೇಳಿದ. 20 ತಿಂಗಳ ಜೈಲು ಶಿಕ್ಷೆಯಾಯಿತು. ಅಂಟು ಹಾಕಿದವರನ್ನು ಬೈಯುವವರು ಕತ್ತರಿ ಹಾಕಿದವರ ಸುದ್ದಿಯನ್ನೂ ಜೊತೆಗೇ ಹೇಳಬೇಕು.

ಈ ಕಾರ್ಡುಗಳನ್ನು ಚರಿತ್ರೆಯಾಗಿ ಓದುವಾಗ ಇಲ್ಲದ ಮುಖಗಳನ್ನೂ ನೋಡಬೇಕಾಗುತ್ತದೆ. ಟಿ-206ರ ಐನೂರು ಚಿಲ್ಲರೆ ಚಿತ್ರಗಳಲ್ಲಿ ಕಪ್ಪು ಅಮೆರಿಕನ್ನರಿಲ್ಲ. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಆ ಶತಮಾನದ ದೊಡ್ಡ ಲೀಗುಗಳಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಅವರು ತಮ್ಮದೇ ನೀಗ್ರೊ ಲೀಗ್ ಕಟ್ಟಿಕೊಂಡು ಆಡಿದರು. ಆಸ್ಕರ್ ಚಾರ್ಲ್ಸ್‌ಟನ್ ಅಂಥ ಮಹಾನ್ ಆಟಗಾರನ ಕಾರ್ಡು ಆ ಕಾಲದ್ದು ಬೇಕೆಂದರೆ ಕ್ಯೂಬಾ ದೇಶದ ಕಾರ್ಡು ಹುಡುಕಬೇಕು. ಚಳಿಗಾಲದಲ್ಲಿ ಅವರು ಅಲ್ಲಿಗೆ ಹೋಗಿ ಆಡುತ್ತಿದ್ದರು, ಅಲ್ಲಿನ ಕಂಪನಿ ಅವರ ಚಿತ್ರ ಹಾಕಿತು. ಸ್ವಂತ ದೇಶದ ಕಂಪನಿಗಳಿಗೆ ಅವರ ಮುಖ ಬೇಡವಾಗಿತ್ತು. ಕ್ರಮವಾಗಿ ಜೋಡಿಸಿಟ್ಟ ಸಂಗ್ರಹ ಎದುರಿಗಿದ್ದರೆ ಇಂಥ ಖಾಲಿ ಜಾಗಗಳು ಎದ್ದು ಕಾಣುತ್ತವೆ.

ಬರ್ಡಿಕ್ ಒಬ್ಬರೇ ಅಲ್ಲ. ಬ್ರಿಟನ್‌ನಲ್ಲಿ ಎಡ್ವರ್ಡ್ ವಾರ್ಟನ್-ಟೈಗರ್ ಎಂಬುವರು ತಾವು ಕೂಡಿಸಿದ ಲಕ್ಷಾಂತರ ಸಿಗರೇಟು ಕಾರ್ಡುಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಬಿಟ್ಟುಹೋದರು. ಆದರೆ ಅವರು ಗಣಿ ಉದ್ಯಮದ ದೊಡ್ಡ ಕುಳ. ದಿನಗೂಲಿಯ ಹಾಗೆ ದುಡಿದು, ಕಾಗದ ಬರೆದು, ಅಂಟು ಹಚ್ಚಿ ಕಟ್ಟಿದ ಸಂಗ್ರಹ ಬರ್ಡಿಕ್ ಅವರದು.

ನಮ್ಮ ಕಡೆ ಕಂಪನಿ ನಾಟಕಗಳ ಕರಪತ್ರ, ಜಾತ್ರೆಯ ಪಟ, ಬೀಡಿ ಕಟ್ಟಿನ ಲೇಬಲ್ಲು, ಹಳೇ ಲಗ್ನಪತ್ರಿಕೆ ಇವೆಲ್ಲ ಬರ್ಡಿಕ್ ಕಂಡಿದ್ದರೆ ಬಿಡುತ್ತಿರಲಿಲ್ಲ. ಬೆಂಕಿಪೊಟ್ಟಣದ ಚಿತ್ರ ಕೂಡಿಡುವವರು ಅಲ್ಲಲ್ಲಿ ಇದ್ದಾರೆ. ನಿಮ್ಮೂರಿನಲ್ಲಿ ಅಂಥವರಿದ್ದರೆ, ಯಾವ ಚಿತ್ರ ಯಾವ ವರ್ಷದ್ದು, ಎಲ್ಲಿ ಸಿಕ್ಕಿತು ಎಂದು ಅವರ ಬಾಯಿಂದ ಕೇಳಿ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ.

ಬರ್ಡಿಕ್ ಅಂಟಿಸಿದ ಕಾರ್ಡುಗಳಲ್ಲಿ ಬಹಳಷ್ಟನ್ನು ಮೆಟ್ರೊಪಾಲಿಟನ್ ಸಂಗ್ರಹಾಲಯ ಈಗ ತನ್ನ ಜಾಲತಾಣದಲ್ಲಿ ಇಟ್ಟಿದೆ. ಅವರ ಹೆಸರು ಹಾಕಿ ಹುಡುಕಿದರೆ ಫೋನಿನಲ್ಲೇ ನೋಡಬಹುದು, ಕಾಸು ಕೊಡಬೇಕಿಲ್ಲ. ಟಿ-206ರ ಕಾರ್ಡು ಫೋನಿನ ಪರದೆಯಲ್ಲಿ ತೆರೆದರೆ ನಿಜವಾದ ಕಾರ್ಡಿಗಿಂತ ದೊಡ್ಡದಾಗಿಯೇ ಕಾಣುತ್ತದೆ.